ಎದೆಯ ಎಕ್ಸ್‌ರೇಗೆ ಮೂರು ದಿನ, ಹೊಟ್ಟೆಯ ಸಿಟಿಗೆ ಮೂರು ವರ್ಷ

ಎದೆಯ ಎಕ್ಸ್‌ರೇ ಒಂದರಲ್ಲಿ ದೊಡ್ಡವರ ಮೈಮೇಲೆ ಬೀಳುವ ವಿಕಿರಣ ಸುಮಾರು 0.02 ಮಿಲಿಸೀವರ್ಟ್. ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ಸುಮಾರು 8. ಎರಡರ ನಡುವೆ ನಾನೂರು ಪಟ್ಟು ಅಂತರ. ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ನನ್ನ ಉದ್ಯೋಗದ ಬಹುಪಾಲು ಕಳೆದಿದೆ. ಅಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಜನ ಸಣ್ಣದಕ್ಕೆ ಹೆದರುತ್ತಾರೆ, ದೊಡ್ಡದನ್ನು ತಾವಾಗಿಯೇ ಕೇಳಿ ಮಾಡಿಸಿಕೊಳ್ಳುತ್ತಾರೆ.

ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಜ್ವರ, ತೂಕ ಇಳಿದಿದೆ. ಕಫ ಪರೀಕ್ಷೆಯ ಜೊತೆಗೆ ಡಾಕ್ಟರು ಎದೆಯ ಎಕ್ಸ್‌ರೇ ಬರೆದಿದ್ದಾರೆ. ಚೀಟಿ ಹಿಡಿದು ಬಂದವರು ಬಾಗಿಲಲ್ಲೇ ನಿಂತು, "ಮೇಡಂ, ಹೋದ ತಿಂಗಳು ಕೈಗೆ ಒಂದು ತೆಗ್ಸಿದ್ದೆ. ಈಗ ಇನ್ನೊಂದು ತೆಗ್ಸಿದ್ರೆ ಕ್ಯಾನ್ಸರ್ ಬರುತ್ತಂತಲ್ಲ?" ಎನ್ನುತ್ತಾರೆ. ಹಾಗೆಂದು ವಾಪಸು ಹೋದವರೂ ಇದ್ದಾರೆ. ಕ್ಷಯ ಪತ್ತೆಯಾಗದೆ ಮನೆ ಸೇರಿದರೆ ಅದು ಮನೆಯ ಮಕ್ಕಳಿಗೂ ಅಂಟಬಹುದು. ಆ ಅಪಾಯದ ಮುಂದೆ 0.02 ಲೆಕ್ಕಕ್ಕೇ ಬರುವುದಿಲ್ಲ. ಅಂಥವರಲ್ಲೇ ಕೆಲವರು ಇನ್ನೊಂದು ದಿನ ತಲೆನೋವೆಂದು ಬಂದು ಡಾಕ್ಟರ ಮುಂದೆ ಕೂತು, "ಸುಮ್ನೆ ಒಂದು ಸ್ಕ್ಯಾನಿಂಗ್ ಬರ್ಕೊಡಿ ಸಾರ್, ಏನಿದ್ರೂ ಗೊತ್ತಾಗಿಬಿಡ್ಲಿ" ಎನ್ನುವುದನ್ನೂ ಕೇಳಿದ್ದೇನೆ. ತಲೆಯ ಸಿಟಿ ಎಂದರೆ ಸುಮಾರು 2 ಮಿಲಿಸೀವರ್ಟ್, ಅಂದರೆ ಎದೆಯ ನೂರು ಎಕ್ಸ್‌ರೇಗೆ ಸಮ.

ಈ ಮಿಲಿಸೀವರ್ಟ್ ಎಂಬ ಅಳತೆ ಮೈಮೇಲೆ ಬಿದ್ದ ವಿಕಿರಣದಿಂದ ಆಗಬಹುದಾದ ಹಾನಿಯನ್ನು ಅಂದಾಜಿಸಲು ಇರುವುದು. ಸ್ವೀಡನ್ನಿನ ವಿಜ್ಞಾನಿ ರೋಲ್ಫ್ ಸೀವರ್ಟ್ ಅವರ ಹೆಸರು ಅದಕ್ಕಿದೆ. ಇದನ್ನು ಜನರಿಗೆ ತಿಳಿಸಿ ಹೇಳಲು ನಾನು ಕಂಡುಕೊಂಡ ದಾರಿ ದಿನಗಳ ಲೆಕ್ಕ. ಆಸ್ಪತ್ರೆಯ ಮುಖವನ್ನೇ ನೋಡದವರ ಮೈಮೇಲೂ ಹಗಲಿರುಳು ವಿಕಿರಣ ಬೀಳುತ್ತಲೇ ಇರುತ್ತದೆ. ಆಕಾಶದಿಂದ ಬರುವ ವಿಶ್ವಕಿರಣ, ಮಣ್ಣು ಮತ್ತು ಬಂಡೆಯಲ್ಲಿರುವ ಯುರೇನಿಯಂ, ಥೋರಿಯಂ, ಉಸಿರಿನೊಂದಿಗೆ ಒಳಹೋಗುವ ರೇಡಾನ್ ಅನಿಲ, ನಮ್ಮ ಮಾಂಸಖಂಡದಲ್ಲೇ ಇರುವ ಪೊಟ್ಯಾಸಿಯಂನ ಒಂದು ಸಣ್ಣ ಪಾಲು, ಇವೆಲ್ಲ ಸೇರಿ ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಗ್ರಾನೈಟ್ ಬಂಡೆಗಳ ಸೀಮೆಯಲ್ಲಿ ನೆಲದಿಂದ ಬರುವ ಪಾಲು ತುಸು ಹೆಚ್ಚು.

ಆ ಲೆಕ್ಕದಲ್ಲಿ ಎದೆಯ ಒಂದು ಎಕ್ಸ್‌ರೇ ಎಂದರೆ ಸುಮಾರು ಮೂರು ದಿನದ ಸಹಜ ವಿಕಿರಣ. ಹಲ್ಲಿನ ಸಣ್ಣ ಎಕ್ಸ್‌ರೇಗೆ ಒಂದು ದಿನವೂ ತುಂಬುವುದಿಲ್ಲ. ಕೈ, ಪಾದದ್ದು ಕೆಲವೇ ಗಂಟೆ. ಹೊಟ್ಟೆಯ ಎಕ್ಸ್‌ರೇ 0.7 ಮಿಲಿಸೀವರ್ಟ್, ಅಂದರೆ ಮೂರೂವರೆ ತಿಂಗಳು. ಸೊಂಟದ ಬೆನ್ನುಮೂಳೆಯದು 1.5ರಷ್ಟು, ಏಳೆಂಟು ತಿಂಗಳಿಗೆ ಬರುತ್ತದೆ. ತಲೆಯ ಸಿಟಿ ಹತ್ತು ತಿಂಗಳು, ಹೊಟ್ಟೆಯ ಸಿಟಿ ಮೂರು ವರ್ಷಕ್ಕೂ ಮೀರಿ. ಯಂತ್ರದಿಂದ ಯಂತ್ರಕ್ಕೆ, ಮೈಯ ಗಾತ್ರದಿಂದ ಗಾತ್ರಕ್ಕೆ ಇವು ಹೆಚ್ಚು ಕಡಿಮೆಯಾಗುತ್ತವೆ. ಆದರೆ ಯಾವುದು ದಿನದ ಲೆಕ್ಕ, ಯಾವುದು ತಿಂಗಳಿನದು, ಯಾವುದು ವರ್ಷದ್ದು ಎಂಬುದು ಬದಲಾಗುವುದಿಲ್ಲ. ಸೊಂಟನೋವಿಗೆ ಮೇಲಿಂದ ಮೇಲೆ ಎಕ್ಸ್‌ರೇ ಮಾಡಿಸುವವರು ಈ ಪಟ್ಟಿಯಲ್ಲಿ ಸೊಂಟ ಎಲ್ಲಿದೆ ಎಂದು ಗಮನಿಸಬೇಕು.

ಸಹಜ ವಿಕಿರಣವೂ ಎಲ್ಲ ಕಡೆ ಒಂದೇ ಸಮ ಇಲ್ಲ. ನಮ್ಮ ಕರಾವಳಿಯ ಉಳ್ಳಾಲದ ಕಡಲದಂಡೆಯ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರೊಳಗಿನ ಥೋರಿಯಂನಿಂದಾಗಿ ಅಲ್ಲಿ ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚು. ಕೇರಳದ ಕರುನಾಗಪ್ಪಳ್ಳಿಯಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿನ ಸುಮಾರು 70 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವಿಕಿರಣದಿಂದಾಗಿ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬರಲಿಲ್ಲ. ಹಾಗೆಂದು ವಿಕಿರಣ ನಿರಪಾಯಕಾರಿ ಎಂದು ಹೇಳಲು ನಾನು ಹೊರಟಿಲ್ಲ. ಸ್ವಲ್ಪಸ್ವಲ್ಪವಾಗಿ, ನಿಧಾನವಾಗಿ ಬೀಳುವ ವಿಕಿರಣದ ಪರಿಣಾಮವನ್ನು ಜನಸಮುದಾಯದಲ್ಲಿ ಗುರುತಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದೊಂದು ಸಾಕ್ಷಿ.

ಹಾನಿ ಹೇಗಾಗುತ್ತದೆ ಎಂಬುದು ಮಾತ್ರ ಸ್ಪಷ್ಟ. ಎಕ್ಸ್‌ರೇ ದೇಹದೊಳಗೆ ಹಾಯುವಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯುತ್ತದೆ. ಜೀವಕೋಶದ ಡಿಎನ್‌ಎ ಎಳೆ ಇದರಿಂದ ತುಂಡಾಗಬಹುದು. ಹೆಚ್ಚಿನ ತುಂಡುಗಳನ್ನು ಕೋಶವೇ ರಿಪೇರಿ ಮಾಡಿಕೊಳ್ಳುತ್ತದೆ. ಅಪರೂಪಕ್ಕೆ ರಿಪೇರಿ ತಪ್ಪಾದರೆ ಎಷ್ಟೋ ವರ್ಷಗಳ ಮೇಲೆ ಅದು ಕ್ಯಾನ್ಸರಿಗೆ ದಾರಿಯಾಗಬಹುದು. ಜಪಾನಿನ ಮೇಲಿನ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರ ಅಧ್ಯಯನವೇ ಈ ಅಂದಾಜಿಗೆ ಮುಖ್ಯ ಆಧಾರ. 100 ಮಿಲಿಸೀವರ್ಟ್‌ಗಿಂತ ಕೆಳಗೆ ಪರಿಣಾಮವನ್ನು ಗುರುತಿಸುವುದು ಬಹಳ ಕಷ್ಟ. ಆದರೂ ಎಚ್ಚರಿಕೆಗಾಗಿ, ಎಷ್ಟು ಸಣ್ಣ ಪ್ರಮಾಣಕ್ಕೂ ಅದಕ್ಕೆ ತಕ್ಕಷ್ಟು ಅಪಾಯವಿದೆ ಎಂದೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಂತೆ 2,000 ಜನರಿಗೆ ತಲಾ 10 ಮಿಲಿಸೀವರ್ಟ್ ಬಿದ್ದರೆ ಅವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಹೆಚ್ಚುವರಿಯಾಗಿ ಕ್ಯಾನ್ಸರಿನಿಂದ ಹಾನಿಯಾಗಬಹುದು. ನಮ್ಮ ದೇಶದಲ್ಲಿ ಬೇರೆ ಕಾರಣಗಳಿಂದಲೇ ಒಂಬತ್ತರಲ್ಲಿ ಒಬ್ಬರಿಗೆ ಎಂದಾದರೂ ಕ್ಯಾನ್ಸರ್ ಬರಬಹುದೆಂಬ ಅಂದಾಜಿದೆ. ಅದೇ 2,000 ಜನರಲ್ಲಿ ಅಂಥವರು ಇನ್ನೂರಕ್ಕೂ ಹೆಚ್ಚು. ಒಬ್ಬ ರೋಗಿಗೆ ಇದು ತೀರಾ ಸಣ್ಣ ಅಪಾಯ. ಊರೂರಲ್ಲಿ ಸಿಟಿ ಯಂತ್ರ ಬಂದು ಲಕ್ಷಾಂತರ ಜನ ಕಾರಣವಿಲ್ಲದೆ ಮಾಡಿಸಿಕೊಂಡರೆ ಸಣ್ಣದಲ್ಲ.

ಎಕ್ಸ್‌ರೇ ಮೈಯೊಳಗೆ ಉಳಿದುಬಿಡುತ್ತದೆ, ಸ್ನಾನ ಮಾಡಿದರೆ ಹೋಗುತ್ತದೆ, ಎಳನೀರು ಕುಡಿದರೆ ಇಳಿಯುತ್ತದೆ ಎಂದೆಲ್ಲ ಕೇಳಿದ್ದೇನೆ. ಉಳಿಯುವುದೇ ಇಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆ. ಯಂತ್ರದೊಳಗೆ ವಿಕಿರಣ ಸೂಸುವ ಪದಾರ್ಥ ಯಾವುದೂ ಇಲ್ಲ. ಗಾಳಿ ತೆಗೆದ ಕೊಳವೆಯೊಂದರಲ್ಲಿ ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಹತ್ತಾರು ಸಾವಿರ ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಟಂಗ್‌ಸ್ಟನ್ ತಟ್ಟೆಗೆ ಬಡಿಯುತ್ತವೆ. ಅವುಗಳ ಶಕ್ತಿಯಲ್ಲಿ ಶೇಕಡಾ 99ರಷ್ಟು ಬರೀ ಶಾಖವಾಗಿ ಹೋಗುತ್ತದೆ, ಉಳಿದ ಒಂದು ಪಾಲು ಎಕ್ಸ್‌ರೇ. ಆ ಶಾಖಕ್ಕೆ ತಟ್ಟೆ ಕರಗದಿರಲೆಂದು ಅದನ್ನು ವೇಗವಾಗಿ ತಿರುಗಿಸುತ್ತಾರೆ. ನಾವು ಗುಂಡಿ ಅರ್ಧ ಒತ್ತಿದಾಗ ಕೇಳುವ ಗುರ್ ಎಂಬ ಸದ್ದು ಅದರದು. ಎಷ್ಟೋ ಜನ ಆ ಸದ್ದೇ ವಿಕಿರಣವೆಂದು ಕಣ್ಣು ಮುಚ್ಚುತ್ತಾರೆ. ಪೂರ್ತಿ ಒತ್ತಿದ ಮೇಲೆ ಕಿರಣ ಹೊರಡುವುದು, ಅದೂ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಹೊತ್ತು.

ಇಷ್ಟು ಕಡಿಮೆಯಲ್ಲಿ ಕೆಲಸ ಮುಗಿಸುವುದನ್ನು ಕಲಿಯಲು ಅನೇಕರು ಪ್ರಾಣ ಕೊಟ್ಟಿದ್ದಾರೆ. ಜರ್ಮನಿಯ ವ್ಯುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್ಜನ್ 1895ರ ನವೆಂಬರ್ 8ರಂದು ಈ ಕಿರಣವನ್ನು ಕಂಡರು. ಮರುವರ್ಷವೇ ಕೂದಲು ಉದುರಿದ, ಚರ್ಮ ಕೆಂಪಾದ ವರದಿಗಳು ಬಂದವು. ಅಮೆರಿಕದಲ್ಲಿ ಥಾಮಸ್ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೊಳವೆ ಸರಿಯಾಗಿದೆಯೇ ಎಂದು ನೋಡಲು ತನ್ನ ಕೈಯನ್ನೇ ಅದರ ಮುಂದೆ ಹಿಡಿಯುತ್ತಿದ್ದ. ಮೊದಲು ಹುಣ್ಣು, ಆಮೇಲೆ ಕ್ಯಾನ್ಸರ್. ತೋಳುಗಳನ್ನು ಕತ್ತರಿಸಿದರೂ ಉಳಿಯದೆ 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಕೈಬಿಟ್ಟರು. ಹೀಗೆ ಸತ್ತ ವೈದ್ಯರು, ವಿಜ್ಞಾನಿಗಳು, ದಾದಿಯರು, ನನ್ನಂಥ ತಂತ್ರಜ್ಞರ ನೆನಪಿಗೆ 1936ರಲ್ಲಿ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಆವರಣದಲ್ಲಿ ಕಲ್ಲಿನ ಸ್ಮಾರಕ ನಿಲ್ಲಿಸಿದರು. ಮೊದಲಿಗೆ ಅದರಲ್ಲಿ 169 ಹೆಸರುಗಳಿದ್ದವು, ಆಮೇಲೆ ಇನ್ನಷ್ಟು ಸೇರಿದವು. ನಮ್ಮ ಕಸುಬಿನ ಪ್ರತಿಯೊಂದು ನಿಯಮದ ಹಿಂದೆಯೂ ಇಂಥವರಿದ್ದಾರೆ ಎಂದು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ತಪ್ಪದೆ ಹೇಳುತ್ತೇನೆ.

ಈಗ ಕೋಣೆಯೊಳಗಿನ ಮಾತು. "ಗೋಡೆಗೆ ಎದೆ ಒತ್ತಿ ನಿಲ್ಲಿ, ಗದ್ದ ಮೇಲೆ, ಭುಜ ಮುಂದಕ್ಕೆ. ಉಸಿರು ಪೂರ್ತಿ ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲುಗಾಡಬೇಡಿ." ಇದನ್ನು ನಾವು ಬಾಯಿಪಾಠದಂತೆ ಹೇಳುತ್ತೇವೆ, ರೋಗಿಗಳು ಅರ್ಧ ಕೇಳಿಸಿಕೊಳ್ಳುತ್ತಾರೆ. ಆದರೆ ಇದರಲ್ಲಿ ಒಂದೊಂದು ಮಾತೂ ವಿಕಿರಣ ತಗ್ಗಿಸಲಿಕ್ಕೇ ಇರುವುದು. ಬೆನ್ನ ಕಡೆಯಿಂದ ಕಿರಣ ಬಿಟ್ಟರೆ ಎದೆಯ ಮುಂಭಾಗದ ಮೃದು ಅಂಗಗಳಿಗೆ, ಸ್ತನ ಮತ್ತು ಥೈರಾಯ್ಡಿಗೆ, ಬೀಳುವುದು ಕಡಿಮೆ. ಹೃದಯದ ನೆರಳೂ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದಿಲ್ಲ. ಉಸಿರು ಬಿಟ್ಟರೆ, ಅಲುಗಿದರೆ ಚಿತ್ರ ಮಸುಕಾಗುತ್ತದೆ, ಇನ್ನೊಮ್ಮೆ ತೆಗೆಯಬೇಕು, ಒಂದು ಎರಡಾಯಿತು. ಸರ, ತಾಯಿತ, ಪಿನ್ನು ತೆಗೆಸುವುದೂ ಉದ್ದ ಜಡೆಯನ್ನು ಮೇಲೆತ್ತಿಸುವುದೂ ಇದಕ್ಕೇ. ಕರಿಮಣಿ ತೆಗೆಯಲು ಒಪ್ಪದ ಹೆಣ್ಣುಮಕ್ಕಳಿಗೆ ನಾನು ಒತ್ತಾಯ ಮಾಡುತ್ತಿರಲಿಲ್ಲ. ಸರವನ್ನು ಬಾಯಲ್ಲಿ ಕಚ್ಚಿ ಹಿಡಿಸಿ ಎದೆಯ ಮೇಲಿಂದ ಎತ್ತಿಸಿದರೆ ಕೆಲಸ ನಡೆಯುತ್ತದೆ.

ಮೈಮೇಲೆ ಚೌಕವಾಗಿ ಬೀಳುವ ಹಳದಿ ಬೆಳಕನ್ನು ನೀವು ನೋಡಿರಬಹುದು. ಕಿರಣ ಎಲ್ಲಿಂದ ಎಲ್ಲಿಯವರೆಗೆ ಬೀಳುತ್ತದೆ ಎಂದು ತೋರಿಸುವ ಬೆಳಕು ಅದು. ಒಳಗಿನ ಸೀಸದ ಎಲೆಗಳನ್ನು ಸರಿಸಿ ಅದನ್ನು ಬೇಕಾದಷ್ಟಕ್ಕೆ ಕಿರಿದು ಮಾಡುತ್ತೇವೆ. ಮಣಿಕಟ್ಟಿನ ಚಿತ್ರಕ್ಕೆ ಮಣಿಕಟ್ಟಿನಷ್ಟೇ ಬೆಳಕು ಬೀಳಬೇಕು. ಬೆಳಕು ಮೊಣಕೈಯವರೆಗೂ ಹರಡಿದ್ದರೆ ಟೆಕ್ನೀಷಿಯನ್ನರನ್ನು ಕೇಳಿ, ತಪ್ಪೇನಿಲ್ಲ. ಕೊಳವೆಯ ಬಾಯಿಗೆ ಅಲ್ಯೂಮಿನಿಯಂ ಹಾಳೆಯೊಂದು ಇರುತ್ತದೆ. ಚಿತ್ರಕ್ಕೆ ಉಪಯೋಗವಿಲ್ಲದೆ ಚರ್ಮದಲ್ಲೇ ನಿಂತುಹೋಗುವ ಬಲಹೀನ ಕಿರಣಗಳನ್ನು ಅದು ಮೊದಲೇ ತಡೆಯುತ್ತದೆ.

ಫಿಲ್ಮ್ ಕಾಲದಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗುತ್ತಿತ್ತು, ಡಾರ್ಕ್‌ರೂಮಿನಿಂದ ಹೊರಬರುವಾಗಲೇ ಗೊತ್ತಾಗಿಬಿಡುತ್ತಿತ್ತು. ಈಗಿನ ಡಿಜಿಟಲ್ ಯಂತ್ರದಲ್ಲಿ ಕಿರಣ ಎರಡು ಪಟ್ಟಾದರೂ ಕಂಪ್ಯೂಟರು ಅದನ್ನು ಸರಿಪಡಿಸಿ ಅಂದವಾದ ಚಿತ್ರವನ್ನೇ ಕೊಡುತ್ತದೆ. ಕಡಿಮೆಯಾದರೆ ಮಾತ್ರ ಚಿತ್ರ ಕಾಳುಕಾಳಾಗಿ ಕಾಣುತ್ತದೆ, ರೇಡಿಯಾಲಜಿಸ್ಟ್ ಬೈಯುತ್ತಾರೆ. ಹೀಗಾಗಿ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಯಾರಿಗೂ ತಿಳಿಯದಂತೆ ವಿಕಿರಣ ಏರುತ್ತ ಬರುತ್ತದೆ. ಪರದೆಯ ಮೂಲೆಯಲ್ಲಿ ಇದನ್ನು ತೋರಿಸುವ ಸಂಖ್ಯೆಯೊಂದು ಇರುತ್ತದೆ. ದಿನಕ್ಕೆ ನೂರು ಎಕ್ಸ್‌ರೇ, ಒಬ್ಬರೇ ಟೆಕ್ನೀಷಿಯನ್, ಹೊರಗೆ ಸಾಲು ಎಂಬ ಸ್ಥಿತಿಯಲ್ಲಿ ಆ ಮೂಲೆಯನ್ನು ನೋಡುವವರು ಯಾರು? ನಮ್ಮ ಆಸ್ಪತ್ರೆಗಳಲ್ಲಿ ವಿಕಿರಣ ಸುರಕ್ಷತೆಯ ನಿಜವಾದ ಸಮಸ್ಯೆ ಯಂತ್ರದ್ದಲ್ಲ, ಕೈ ಸಾಲದೆ ಇರುವುದು.

"ನೀವು ಹೊರಗೆ ಓಡಿ ಹೋಗ್ತೀರಿ, ನಮಗೆ ಏನೂ ಆಗಲ್ಲ ಅಂತೀರಿ" ಎಂದು ಕೇಳಿದವರು ಬಹಳ. ನ್ಯಾಯವಾದ ಪ್ರಶ್ನೆಯೇ. ರೋಗಿಗೆ ಅದು ಒಂದು ಸಲದ್ದು, ಅದರಿಂದ ಅವರಿಗೆ ಲಾಭವಿದೆ. ನಮಗೆ ಲಾಭವಿಲ್ಲ, ದಿನವೆಲ್ಲ ಅದೇ ಕೆಲಸ. ರೋಗಿಯ ಮೈಯಿಂದ ಚದುರಿದ ಕಿರಣ ಒಂದು ಮೀಟರ್ ದೂರದಲ್ಲಿ ಮೂಲದ ಸಾವಿರದ ಒಂದು ಪಾಲಿನಷ್ಟಿರುತ್ತದೆ. ದೂರ ಎರಡರಷ್ಟಾದರೆ ಅದು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಅದಕ್ಕೇ ಸೀಸದ ಗಾಜಿನ ಪರದೆಯ ಹಿಂದೆ ನಿಲ್ಲುತ್ತೇವೆ. ಎದೆಯ ಮೇಲೆ ಸೀಸದ ಏಪ್ರನ್ನಿನ ಒಳಗೆ ಟಿಎಲ್‌ಡಿ ಬ್ಯಾಡ್ಜ್ ಧರಿಸುತ್ತೇವೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳುಹಿಸಿದರೆ ನಮ್ಮ ಮೇಲೆ ಎಷ್ಟು ಬಿದ್ದಿದೆ ಎಂದು ಅಳೆದು ತಿಳಿಸುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿ ನಮಗೆ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ರೋಗಿಗೆ ಮಾತ್ರ ಮಿತಿ ಇಲ್ಲ. ಜೀವ ಉಳಿಸಲು ಬೇಕಾದ ಸಿಟಿಗೆ "ನಿಮ್ಮ ಪಾಲು ಮುಗಿಯಿತು" ಎಂದು ಹೇಳಲಾಗದು. ಅಲ್ಲಿ ಕೇಳಬೇಕಾದದ್ದು ಎರಡೇ: ಇದು ಬೇಕೇ, ಬೇಕಾದರೆ ಎಷ್ಟು ಕಡಿಮೆಯಲ್ಲಿ ಆದೀತು.

ಸೀಸದ ಏಪ್ರನ್ನಿನ ಬಗ್ಗೆ ಒಂದು ಮಾತು. ಮೊದಲೆಲ್ಲ ಹೊಟ್ಟೆ, ಸೊಂಟದ ಎಕ್ಸ್‌ರೇಯಲ್ಲಿ ಜನನಾಂಗದ ಮೇಲೆ ಸೀಸದ ತುಂಡು ಇಡುವುದು ಕಡ್ಡಾಯವೆಂದು ಕಲಿತಿದ್ದೆವು. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಈ ರೂಢಿ ನಿಲ್ಲಿಸಿ ಎಂದು ಹೇಳಿತು. ಚದುರಿದ ಕಿರಣ ದೇಹದ ಒಳಗಿಂದಲೇ ಬರುವುದರಿಂದ ಹೊರಗಿನ ಸೀಸ ಅದನ್ನು ತಡೆಯದು. ತುಸು ಜಾರಿದರೆ ನೋಡಬೇಕಾದ ಭಾಗವೇ ಮರೆಯಾಗಿ ಚಿತ್ರ ಮತ್ತೆ ತೆಗೆಯಬೇಕಾಗುತ್ತದೆ. ಕಿರಣವನ್ನು ತಾನಾಗಿ ಹೊಂದಿಸಿಕೊಳ್ಳುವ ಯಂತ್ರವಾದರೆ ಸೀಸ ಕಂಡೊಡನೆ ಕಿರಣವನ್ನು ಇನ್ನೂ ಹೆಚ್ಚಿಸುತ್ತದೆ. ಆದ್ದರಿಂದ ನಿಮಗೆ ಏಪ್ರನ್ ಕೊಡಲಿಲ್ಲ ಎಂದರೆ ಅದು ನಿರ್ಲಕ್ಷ್ಯವೇ ಆಗಿರಬೇಕಿಲ್ಲ. ಮಗುವನ್ನು ಹಿಡಿದುಕೊಳ್ಳಲು ಒಳಗೆ ನಿಂತ ಅಪ್ಪನಿಗೋ ಅಜ್ಜಿಗೋ ಏಪ್ರನ್ ಕೊಡದಿದ್ದರೆ ಮಾತ್ರ ಕೇಳಿಯೇ ಪಡೆಯಿರಿ. ಗರ್ಭಿಣಿಯರು ಆ ಕೆಲಸಕ್ಕೆ ನಿಲ್ಲಬಾರದು.

ಗರ್ಭಿಣಿಯರ ವಿಷಯಕ್ಕೆ ಬಂದರೆ, ನಮ್ಮ ಕೋಣೆಯಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ "ಮುಟ್ಟು ಯಾವಾಗ ಆಗಿತ್ತಮ್ಮ?" ಎಂಬುದು. ಪಕ್ಕದಲ್ಲಿ ಅತ್ತೆ ಇರುತ್ತಾರೆ, ಬಾಗಿಲಲ್ಲಿ ಗಂಡ. ಹುಡುಗಿ ತಲೆ ತಗ್ಗಿಸುತ್ತಾಳೆ. ಉಳಿದವರನ್ನು ಹೊರಗೆ ಕಳುಹಿಸಿ ಕೇಳಿದರೆ ಉತ್ತರ ಬರುತ್ತದೆ. ಕೆಲವೊಮ್ಮೆ ಆ ಉತ್ತರವೇ ಮನೆಯವರಿಗೆ ಮೊದಲ ಸುದ್ದಿಯಾಗಿರುತ್ತದೆ. ಇನ್ನು ಕೆಲವರು ಎಕ್ಸ್‌ರೇ ಆಗಿ ಎರಡು ವಾರದ ಮೇಲೆ ಅಳುತ್ತ ಬರುತ್ತಾರೆ, "ಅಕ್ಕಾ, ನಂಗೆ ಗೊತ್ತಿರ್ಲಿಲ್ಲ. ತೆಗ್ಸಿಬಿಡು ಅಂತ ಮನೇಲಿ ಹೇಳ್ತಿದಾರೆ." ಇಲ್ಲಿ ಲೆಕ್ಕ ತಿಳಿದಿರುವುದು ಒಂದು ಜೀವದ ಪ್ರಶ್ನೆ. ಎದೆ, ಕೈಕಾಲು, ಹಲ್ಲಿನ ಎಕ್ಸ್‌ರೇಯಲ್ಲಿ ನೇರ ಕಿರಣ ಗರ್ಭದ ಕಡೆಗೆ ಹೋಗುವುದೇ ಇಲ್ಲ. ಎದೆಯದರಲ್ಲಿ ಚದುರಿ ಭ್ರೂಣಕ್ಕೆ ತಲುಪುವುದು 0.01 ಮಿಲಿಗ್ರೇಗಿಂತ ಕಡಿಮೆ. ಮಿಲಿಗ್ರೇ ಎಂದರೆ ಮೈ ಹೀರಿಕೊಂಡ ವಿಕಿರಣದ ಅಳತೆ. ಭ್ರೂಣಕ್ಕೆ 100 ಮಿಲಿಗ್ರೇಗಿಂತ ಕಡಿಮೆ ಬಿದ್ದಿದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸುವುದು ಸಮರ್ಥನೀಯವಲ್ಲ ಎಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಸ್ಪಷ್ಟವಾಗಿ ಹೇಳಿದೆ. ಹೊಟ್ಟೆಯ ಒಂದು ಎಕ್ಸ್‌ರೇಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಹಾಗೆಂದು ಸಲೀಸಾಗಿ ತೆಗೆದುಕೊಳ್ಳುವುದೂ ಸಲ್ಲ. ಬ್ರಿಟನ್ನಿನಲ್ಲಿ ಆಲಿಸ್ ಸ್ಟೀವರ್ಟ್ ಎಂಬ ವೈದ್ಯೆ 1956ರಲ್ಲಿ, ಗರ್ಭದಲ್ಲಿದ್ದಾಗ ಎಕ್ಸ್‌ರೇಗೆ ಒಳಗಾದ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚೆಂದು ತೋರಿಸಿದರು. ಆಗ ಬಸುರಿಯರ ಹೊಟ್ಟೆಗೆ ಎಕ್ಸ್‌ರೇ ಹಾಕುವುದು ವಾಡಿಕೆಯಾಗಿತ್ತು. ಆಕೆಯ ಮಾತನ್ನು ವೈದ್ಯಲೋಕ ಒಪ್ಪಲು ವರ್ಷಗಳೇ ಹಿಡಿದವು. ಇವತ್ತು ಎಕ್ಸ್‌ರೇ ಕೋಣೆಯ ಹೊರಗೆ "ಗರ್ಭಿಣಿಯಾಗಿದ್ದರೆ ತಿಳಿಸಿ" ಎಂಬ ಫಲಕ ಇದ್ದೇ ಇರಬೇಕು.

ಆ ಕೋಣೆಯೂ ಹೇಗೆಂದರೆ ಹಾಗೆ ಇರುವಂತಿಲ್ಲ. ಕಿರಣ ನೇರವಾಗಿ ಬೀಳದ ಗೋಡೆಗೂ ಒಂಬತ್ತು ಇಂಚಿನ ಇಟ್ಟಿಗೆ ಬೇಕು, ನೇರವಾಗಿ ಬೀಳುವ ಗೋಡೆಗೆ ಇನ್ನೂ ದಪ್ಪ. ಬಾಗಿಲಿಗೆ ಸೀಸದ ತಗಡು, ಬಾಗಿಲ ಮೇಲೆ ಕೆಂಪು ದೀಪ. ಯಂತ್ರಕ್ಕೆ ಎಇಆರ್‌ಬಿ ಲೈಸೆನ್ಸ್ ಇರಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಗುಣಮಟ್ಟದ ಪರೀಕ್ಷೆ ಆಗಬೇಕು. ಊರೊಂದರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿ ಮಳಿಗೆಯಲ್ಲಿ ಪ್ಲೈವುಡ್ ಬಾಗಿಲ ಹಿಂದೆ ಯಂತ್ರ ಇಟ್ಟು, ಅದೇ ಬಾಗಿಲಿಗೆ ಬೆನ್ನು ಕೊಡುವಂತೆ ರೋಗಿಗಳಿಗೆ ಬೆಂಚು ಹಾಕಿದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿತ್ತು. ಲೈಸೆನ್ಸ್ ತೋರಿಸಿ ಎಂದು ಕೇಳುವ ಹಕ್ಕು ರೋಗಿಗಿದೆ. ಈಗ ಕ್ಷಯ ಪತ್ತೆಯ ಶಿಬಿರಗಳಿಗೆ ಕೈಯಲ್ಲೇ ಹಿಡಿಯುವ ಎಕ್ಸ್‌ರೇ ಯಂತ್ರಗಳು ಬಂದಿವೆ, ಹಳ್ಳಿಯ ಶಾಲೆಯ ಜಗಲಿಯಲ್ಲೇ ಎದೆಯ ಚಿತ್ರ ತೆಗೆಯುತ್ತಾರೆ. ಬಹಳ ಒಳ್ಳೆಯ ಕೆಲಸ. ಸುತ್ತ ಗುಂಪು ಕಟ್ಟಿ ನೋಡುವ ಮಕ್ಕಳನ್ನು ದೂರ ನಿಲ್ಲಿಸಿದರೆ ಸಾಕು.

ಕೊನೆಗೆ ಸಿಟಿ, ಅದರಲ್ಲೂ ಮಕ್ಕಳ ಸಿಟಿ. ಮಕ್ಕಳ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುತ್ತವೆ, ಅವರ ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ಯುರೋಪಿನ ಒಂಬತ್ತು ದೇಶಗಳಲ್ಲಿ, ಚಿಕ್ಕ ವಯಸ್ಸಿನಲ್ಲಿ ಸಿಟಿ ಮಾಡಿಸಿಕೊಂಡ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಈಗಿನ ಪ್ರಮಾಣದಲ್ಲಿ ಸಿಟಿ ಮಾಡಿಸಿಕೊಂಡ 10,000 ಮಕ್ಕಳಲ್ಲಿ ಮುಂದಿನ ಹನ್ನೆರಡು ವರ್ಷದೊಳಗೆ ಒಬ್ಬರಿಗೋ ಇಬ್ಬರಿಗೋ ಆ ಕಾರಣದಿಂದ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಅದರ ಅಂದಾಜು. ಮಗು ಮಹಡಿಯಿಂದ ಬಿದ್ದು ವಾಂತಿ ಮಾಡುತ್ತ ಮಂಕಾಗಿದ್ದರೆ ಇದನ್ನು ಯೋಚಿಸುತ್ತ ಕೂರಬಾರದು, ಆ ಕ್ಷಣವೇ ಸಿಟಿ ಆಗಬೇಕು. ಹಣೆಯಲ್ಲಿ ಬುಗುಟು ಬಂದು ಮಗು ಆಡಿಕೊಂಡಿದ್ದರೆ, "ಸ್ವಲ್ಪ ಹೊತ್ತು ನೋಡೋಣ" ಎನ್ನುವ ಡಾಕ್ಟರ ಮೇಲೆ ಜಗಳಕ್ಕೆ ಹೋಗಬೇಡಿ. ಹೊಟ್ಟೆನೋವಿಗೆ ಅಲ್ಟ್ರಾಸೌಂಡ್, ಮಂಡಿ ಬೆನ್ನಿಗೆ ಎಂಆರ್‌ಐ ಸಾಕಾಗುವ ಸಂದರ್ಭಗಳು ಎಷ್ಟೋ ಇವೆ. ಇವೆರಡರಲ್ಲೂ ಇಂಥ ವಿಕಿರಣ ಇಲ್ಲವೇ ಇಲ್ಲ. ಜಾಹೀರಾತು ನೋಡಿ, ಯಾವ ತೊಂದರೆಯೂ ಇಲ್ಲದೆ ಇಡೀ ಮೈಗೆ ಸಿಟಿ ಮಾಡಿಸಿಕೊಳ್ಳುವುದಕ್ಕೆ ಮಾತ್ರ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಸಿಟಿ ಮಾಡಿಸಿದ್ದರೆ ಎಷ್ಟು ಬಿತ್ತು ಎಂದು ನೀವೇ ಲೆಕ್ಕ ಹಾಕಬಹುದು. ಯಂತ್ರವೇ ತಯಾರಿಸುವ ಹಾಳೆಯಲ್ಲಿ ಡಿಎಲ್‌ಪಿ ಎಂಬ ಅಂಕಿ ಇರುತ್ತದೆ. ಫಿಲ್ಮಿನ ಜೊತೆ ಕೊಡದಿದ್ದರೆ ಕೇಳಿ. ದೊಡ್ಡವರ ಹೊಟ್ಟೆಯದಾದರೆ ಅದನ್ನು 0.015ರಿಂದ, ಎದೆಯದಾದರೆ 0.014ರಿಂದ, ತಲೆಯದಾದರೆ 0.0021ರಿಂದ ಗುಣಿಸಿದರೆ ಸುಮಾರಾಗಿ ಮಿಲಿಸೀವರ್ಟ್ ಸಿಗುತ್ತದೆ. ಹೊಟ್ಟೆಯ ಡಿಎಲ್‌ಪಿ 600 ಇದ್ದರೆ 9 ಮಿಲಿಸೀವರ್ಟ್. ಆ ಹಾಳೆಯನ್ನೂ ಹಳೆಯ ಫಿಲ್ಮುಗಳನ್ನೂ ಒಂದೇ ಚೀಲದಲ್ಲಿಟ್ಟು, ಮಡಚದೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ. ಹೊಸ ಚೀಟಿ ಬರೆಯುವ ಮೊದಲು ಅವರು ಅದನ್ನು ನೋಡಲಿ.